ದಕ್ಷ ಅಧಿಕಾರಿಯ ಭಜನೆ

ಜಿಲ್ಲೆಗೆ ಹೊಸ ಪೋಲೀಸ್ ಸೂಪರಿಂಟೆಂಡೆಂಟರು ಬಂದರೆ ಸಾಕು, ಪೇಟೆಯ ಹೋಟೆಲುಗಳಲ್ಲಿ ಎಂಟು ದಿನ ಅದೇ ಮಾತು. ಬಹಳ ದಕ್ಷರಂತೆ; ಕಾಸು ಮುಟ್ಟುವವರಲ್ಲವಂತೆ; ದೊಡ್ಡ ಓದು ಓದಿದ್ದಾರಂತೆ; ರಾತ್ರಿ ಹೊತ್ತು ಮಫ್ತಿಯಲ್ಲಿ ಬಂದು ಠಾಣೆ ತಪಾಸಣೆ ಮಾಡುತ್ತಾರಂತೆ. ವರ್ತಕರು ಹಾರ ತುರಾಯಿ ಹಿಡಿದು ಹೋಗುತ್ತಾರೆ. ವರ್ಷ ಒಂದೋ ಎರಡೋ ಕಳೆಯುವುದರೊಳಗೆ ಸೂಪರಿಂಟೆಂಡೆಂಟರಿಗೆ ವರ್ಗವಾಗುತ್ತದೆ, ಹಾರ ಬಾಡುತ್ತದೆ, ಠಾಣೆಯ ಒಳಕೋಣೆಯ ಬೆಲ್ಟು ಮಾತ್ರ ಗೋಡೆಯ ಮೊಳೆಗೆ ನೇತಾಡುತ್ತಲೇ ಇರುತ್ತದೆ. ಊರು ಮುಂದಿನ ದಕ್ಷರಿಗಾಗಿ ಕಾಯತೊಡಗುತ್ತದೆ. 1988ರಲ್ಲಿ ಶಂಕರ್‌ನಾಗ್ ಖಾಕಿ ತೊಟ್ಟು ಸಾಂಗ್ಲಿಯಾನನಾಗಿ ತೆರೆಯ ಮೇಲೆ ಬಂದ ಮೇಲಂತೂ ಈ ಭಜನೆಗೆ ತಾಳ ಮೃದಂಗಗಳೂ ಒದಗಿದವು.

ಭಜನೆ ಮಾಡುವ ಮಹಾಶಯರಿಗೆ ನಮ್ಮದೊಂದು ಪ್ರಶ್ನೆ. ನೀವು ಬೇಡುವ ಅಧಿಕಾರಿ ಸಿಕ್ಕಿಯೇಬಿಟ್ಟರು ಎನ್ನೋಣ. ಲಂಚ ಮುಟ್ಟದವರು, ಆರೋಪಿಯ ಮೈಮೇಲೆ ಕೈಮಾಡಬಾರದೆಂದು ಅಪ್ಪಣೆ ಕೊಟ್ಟವರು, ಪುಸ್ತಕ ಬರೆದವರು, ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದವರು. ಅದೂ ಒಂದೇ ಊರಿನಲ್ಲಿ ಇಪ್ಪತ್ತೇಳು ವರ್ಷ. ಆಮೇಲೇನು? ಪೋಲೀಸ್ ವ್ಯವಸ್ಥೆ ಉದ್ಧಾರವಾಗುತ್ತದೆಯೆ?

ಇದು ಬರಿಯ ತರ್ಕದ ಪ್ರಶ್ನೆಯಲ್ಲ. ಅಂಥ ಮನುಷ್ಯನೊಬ್ಬ ನಿಜವಾಗಿ ಆಗಿಹೋಗಿದ್ದಾನೆ. ಅವನ ಹೆಸರು ಆಗಸ್ಟ್ ವೋಲ್ಮರ್. ಊರು ಅಮೆರಿಕಾ ದೇಶದ ಕ್ಯಾಲಿಫೋರ್ನಿಯಾ ಪ್ರಾಂತದ ಬರ್ಕಲಿ. ಅಲ್ಲಿಯವರು ಆತನನ್ನು ಆಧುನಿಕ ಪೋಲೀಸ್ ಪದ್ಧತಿಯ ಪಿತಾಮಹನೆಂದು ಕರೆಯುತ್ತಾರೆ. ಆತನ ಬಾಳು ಹೇಗೆ ನಡೆಯಿತು, ಆತ ಬಿಟ್ಟುಹೋದ ಆಸ್ತಿಯನ್ನು ಯಾರು ಹೇಗೆ ಹಂಚಿಕೊಂಡರು ಎಂಬುದನ್ನು ಓದುಗರು ಸ್ವಲ್ಪ ತಾಳ್ಮೆಯಿಂದ ಕೇಳಬೇಕು. ಪಾಠದಂತೆ ಉದ್ದವಾದರೆ ಮನ್ನಿಸಿರಿ. ಸೀಮೆಸುಣ್ಣ ಬಿಟ್ಟರೂ ಅಭ್ಯಾಸ ಬಿಟ್ಟಿಲ್ಲ.

ವೋಲ್ಮರ್ ಹುಟ್ಟಿದ್ದು 1876ರಲ್ಲಿ, ನ್ಯೂ ಆರ್ಲಿಯನ್ಸ್ ಪಟ್ಟಣದಲ್ಲಿ, ಜರ್ಮನಿಯಿಂದ ವಲಸೆ ಬಂದ ಮನೆಯಲ್ಲಿ. ತಂದೆ ಬೇಗ ತೀರಿಕೊಂಡ. ಹುಡುಗನ ಶಾಲೆ ಪ್ರಾಥಮಿಕ ತರಗತಿಗಳಿಗೇ ಹೆಚ್ಚುಕಡಮೆ ಮುಗಿಯಿತು. 1898ರಲ್ಲಿ ಅಮೆರಿಕಾ ಸ್ಪೇನಿನ ಮೇಲೆ ಯುದ್ಧ ಹೂಡಿದಾಗ ಸೇನೆ ಸೇರಿ ಫಿಲಿಪೈನ್ಸ್ ದ್ವೀಪಗಳಿಗೆ ಹೋದ. ಅಲ್ಲಿ ಸಣ್ಣ ಯುದ್ಧದೋಣಿಯಲ್ಲಿ ನೀರುಗಾವಲಿನ ಕೆಲಸ. ಸ್ಪೇನಿನ ಸೆರೆಯಿಂದ ಬಿಡಿಸುತ್ತೇವೆಂದು ಹೋದ ಅಮೆರಿಕಾ ಆ ದ್ವೀಪಗಳನ್ನು ತಾನೇ ಇಟ್ಟುಕೊಂಡು 1946ರವರೆಗೆ ಬಿಡಲಿಲ್ಲವೆಂಬುದನ್ನು ನೆನಪಿನಲ್ಲಿಡಬೇಕು. ಅಲ್ಲಿ ಕಲಿತ ಸೈನಿಕ ತಂತ್ರಗಳು ಊರಿನ ಕಳ್ಳರನ್ನು ಹಿಡಿಯಲು ಒಳ್ಳೆಯ ಉಪಯೋಗಕ್ಕೆ ಬಂದವೆಂದು ವೋಲ್ಮರನೇ ಮುಂದೆ ಹೇಳಿಕೊಂಡಿದ್ದಾನೆ. ಒಳ್ಳೆಯವನೆಂದು ಹೊಗಳಲು ಹೊರಟವರು ಈ ಮಾತನ್ನು ನುಂಗಬಾರದು. ಪರದೇಶದ ಜನರನ್ನು ಅಡಗಿಸಲು ಕಲಿತ ಪಟ್ಟು ತನ್ನ ಊರಿನ ಬೀದಿಗೂ ಬರುತ್ತದೆ.

ಯುದ್ಧದಿಂದ ಹಿಂದಿರುಗಿ 1900ರಲ್ಲಿ ಬರ್ಕಲಿಯಲ್ಲಿ ಅಂಚೆ ಪೇದೆಯಾದ. ಮನೆ ಮನೆಗೆ ಕಾಗದ ಹಂಚುವ ಕೆಲಸ. 1904ರಲ್ಲಿ ಸರಕು ತುಂಬಿದ ರೈಲ್ವೆ ವ್ಯಾಗನ್ನೊಂದು ಇಳಿಜಾರಿನಲ್ಲಿ ಕಳಚಿಕೊಂಡು ಪ್ರಯಾಣಿಕರ ಗಾಡಿಯ ಕಡೆಗೆ ಓಡುತ್ತಿತ್ತು. ವೋಲ್ಮರ್ ಅದರ ಮೇಲೆ ಹಾರಿ ಬ್ರೇಕು ಹಾಕಿದ. ಊರು ಮೆಚ್ಚಿತು. ಮರುವರ್ಷ ಊರಿನ ಕಾವಲು ಅಧಿಕಾರಿಯಾಗಿ ಜನರೇ ಅವನಿಗೆ ಓಟು ಕೊಟ್ಟರು. ಪರೀಕ್ಷೆ ಪಾಸು ಮಾಡಿ ರಾಜಧಾನಿಯಿಂದ ಬಂದಿಳಿದವನಲ್ಲ, ಊರಿನವರು ಆರಿಸಿದವನು. 1909ರಲ್ಲಿ ಹುದ್ದೆಯ ಹೆಸರು ಪೋಲೀಸ್ ಮುಖ್ಯಸ್ಥ ಎಂದಾಯಿತು. ಅಲ್ಲಿಂದ ಮುಂದೆ ಅದು ನೇಮಕದ ಹುದ್ದೆ. ಇದೇ ಬರ್ಕಲಿಯ ಜನ 1911ರಲ್ಲಿ ಸ್ಟಿಟ್ ವಿಲ್ಸನ್ ಎಂಬ ಸಮಾಜವಾದಿಯನ್ನು ನಗರದ ಮೇಯರನನ್ನಾಗಿ ಆರಿಸಿದರು. ಅಂಥ ಊರು ಅದು.

ಆತ ಮಾಡಿದ ಕೆಲಸಗಳು ಸಣ್ಣವಲ್ಲ. ಪೇದೆಗಳಿಗೆ ಸೈಕಲ್ಲು ಕೊಟ್ಟ; ಬೀದಿಯ ಕೂಡುಗಳಲ್ಲಿ ದೀಪದ ಸನ್ನೆ ಇಟ್ಟು, ದೀಪ ಹತ್ತಿದರೆ ಪೇದೆ ಠಾಣೆಗೆ ಟೆಲಿಫೋನು ಮಾಡುವಂತೆ ಏರ್ಪಡಿಸಿದ; 1914ರ ಹೊತ್ತಿಗೆ ಮೋಟಾರುಗಳನ್ನೂ ತಂದ. ಬಡಿಗೆ ಮತ್ತು ಸಮವಸ್ತ್ರ ಕೊಟ್ಟು ಬೀದಿಗೆ ಅಟ್ಟುವುದೇ ತರಬೇತಿಯೆಂದಿದ್ದ ಕಾಲದಲ್ಲಿ, 1908ರಲ್ಲೇ, ಪೇದೆಗಳಿಗೆ ಶಾಲೆ ತೆರೆದ. ವಿಶ್ವವಿದ್ಯಾಲಯದ ಪ್ರಾಧ್ಯಾಪಕರನ್ನು ಕರೆಸಿ ಕಾನೂನನ್ನೂ ವಿಜ್ಞಾನವನ್ನೂ ಹೇಳಿಸಿದ. ಕಾಲೇಜು ಹುಡುಗರನ್ನು ಪೇದೆಗಳಾಗಿ ಸೇರಿಸಿದ. 1919ರಲ್ಲಿ ಕಾನೂನು ಓದುತ್ತಿದ್ದ ವಾಲ್ಟರ್ ಗಾರ್ಡನ್ ಎಂಬ ಕಪ್ಪು ತರುಣನನ್ನು ಬರ್ಕಲಿಯ ಪೋಲೀಸಿಗೆ ತೆಗೆದುಕೊಂಡ. ಈತನೇ ಮುಂದೆ ಅಮೆರಿಕಾದ ವರ್ಜಿನ್ ದ್ವೀಪಗಳಿಗೆ ಗವರ್ನರನೂ ನ್ಯಾಯಾಧೀಶನೂ ಆದ. 1925ರಲ್ಲಿ ಅಪರಾಧ ತಡೆಯುವ ವಿಭಾಗವೊಂದನ್ನು ತೆರೆದು ಅದನ್ನು ಸಮಾಜಸೇವೆಯಲ್ಲಿ ಪಳಗಿದ ಮಹಿಳೆಯ ಕೈಗೆ ಒಪ್ಪಿಸಿದ. ಪೋಲೀಸಿನವನು ಸಮಾಜಸೇವಕನಾಗಬೇಕು, ಹುಡುಗ ಕಳ್ಳನಾಗುವ ಮೊದಲೇ ಅವನ ಮನೆಗೆ ಹೋಗಬೇಕು ಎಂಬುದು ಆತನ ವಾದ. ಮರಣದಂಡನೆಯನ್ನು ವಿರೋಧಿಸುತ್ತಿದ್ದ.

ನಮಗೆ ಇವೆಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಆತನ ಶುಕ್ರವಾರದ ಸಭೆ. ವಾರಕ್ಕೊಮ್ಮೆ ಮುಖ್ಯಸ್ಥನಿಂದ ಪೇದೆಯವರೆಗೆ ಎಲ್ಲರೂ ಕೂತು, ಯಾರ ಕೆಲಸದಲ್ಲಿ ಏನು ಲೋಪವೆಂದು ಎದುರೆದುರೇ ಆಡಬಹುದಾಗಿತ್ತು. ನಮ್ಮಲ್ಲಿ 1966ರ ಕಾಯ್ದೆಯೊಂದುಂಟು. ಸರ್ಕಾರದ ಅನುಮತಿಯಿಲ್ಲದೆ ಪೋಲೀಸರು ಸಂಘ ಕಟ್ಟುವಂತಿಲ್ಲ. 2016ರ ಜೂನ್‌ನಲ್ಲಿ ಕರ್ನಾಟಕದ ಪೇದೆಗಳು ಸಂಬಳ, ರಜೆ, ಮೇಲಧಿಕಾರಿಗಳ ಕಿರುಕುಳಗಳನ್ನು ಮುಂದಿಟ್ಟು ಸಾಮೂಹಿಕ ರಜೆ ಹಾಕುತ್ತೇವೆಂದಾಗ, ಅವರ ಮುಂದಾಳುವಿನ ಮೇಲೆ ರಾಜದ್ರೋಹದ ಮೊಕದ್ದಮೆ ಬಿತ್ತು. ರಜೆ ಕೇಳಿದ್ದು ರಾಜದ್ರೋಹ! ತನ್ನ ಮೇಲಿನವನ ಮುಂದೆ ಬಾಯಿ ತೆರೆಯಲಾಗದ ಪೇದೆ ಆ ಸಿಟ್ಟನ್ನು ಎಲ್ಲಿ ತೀರಿಸುತ್ತಾನೆ? ಠಾಣೆಗೆ ಬಂದ ಕೂಲಿಯವನ ಬೆನ್ನಿನ ಮೇಲೆ.

ಹೊಡೆದು ಬಾಯಿ ಬಿಡಿಸುವುದನ್ನು ವೋಲ್ಮರ್ ತನ್ನ ಠಾಣೆಯಲ್ಲಿ ನಿಷೇಧಿಸಿದ್ದ. ಹೊಡೆತಕ್ಕೆ ಬದಲಾಗಿ ವಿಜ್ಞಾನ ಬರಲಿ ಎಂಬುದು ಆತನ ಆಸೆ. 1921ರಲ್ಲಿ ಜಾನ್ ಲಾರ್ಸನ್ ಎಂಬ, ಡಾಕ್ಟರೇಟ್ ಪಡೆದ ಬರ್ಕಲಿಯ ಪೋಲೀಸನು ಆತನ ಪ್ರೋತ್ಸಾಹದಿಂದ ಒಂದು ಯಂತ್ರ ಕಟ್ಟಿದ. ಪ್ರಶ್ನೆ ಕೇಳುವಾಗ ರಕ್ತದ ಒತ್ತಡವನ್ನೂ ಉಸಿರನ್ನೂ ಕಾಗದದ ಮೇಲೆ ಗೀಚುವ ಯಂತ್ರ. ಜನ ಅದನ್ನು ಸುಳ್ಳು ಹಿಡಿಯುವ ಯಂತ್ರವೆಂದರು. ಸದುದ್ದೇಶದಿಂದ ಹುಟ್ಟಿದ ಈ ಕೂಸಿನ ಗತಿ ನೋಡಿ. ಬೇರೆ ಊರುಗಳ ಪೋಲೀಸರು ಅದನ್ನು ಹೊಡೆತದ ಜಾಗಕ್ಕೆ ತರಲಿಲ್ಲ, ಹೆದರಿಕೆ ಹುಟ್ಟಿಸುವ ಇನ್ನೊಂದು ಸಾಧನವಾಗಿ ತಂದರು. ಹುಟ್ಟಿಸಿದ ಲಾರ್ಸನನೇ ಬೇಸತ್ತುಹೋದ. ಯಂತ್ರ ಸಮುದ್ರ ದಾಟಿ ನಮ್ಮಲ್ಲಿಗೂ ಬಂತು. ಬೆಂಗಳೂರಿನ ಪ್ರಯೋಗಾಲಯದಲ್ಲಿ ಮಂಪರು ಮದ್ದಿನ ಪರೀಕ್ಷೆಯೂ ಅದರ ಜೊತೆಗೆ ಸೇರಿ ಕೆಲವು ಕಾಲ ದೊಡ್ಡ ಸುದ್ದಿಯಾಯಿತು. ಕೊನೆಗೆ 'ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ' ಎಂಬ ಮೊಕದ್ದಮೆಯಲ್ಲಿ, 2010ರ ಮೇ 5ರಂದು, ಒಪ್ಪಿಗೆಯಿಲ್ಲದೆ ಯಾರನ್ನೂ ಇಂಥ ಪರೀಕ್ಷೆಗೆ ಒಡ್ಡಕೂಡದೆಂದು ಸುಪ್ರೀಂ ಕೋರ್ಟು ಹೇಳಬೇಕಾಯಿತು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಬಲವಂತಪಡಿಸಬಾರದೆಂದು ಸಂವಿಧಾನವೇ ಅಂದಿದೆಯಷ್ಟೆ. ಬರ್ಕಲಿಯಲ್ಲಿ ಪ್ರಜೆಯ ಮೈ ಕಾಯಲು ಹುಟ್ಟಿದ ಯಂತ್ರದಿಂದ ಪ್ರಜೆಯನ್ನು ಕಾಯಲು ದಿಲ್ಲಿಯಲ್ಲಿ ತೀರ್ಪು ಬೇಕಾಯಿತು.

ವೋಲ್ಮರನ ಕೀರ್ತಿ ಹಬ್ಬಿ, 1923ರಲ್ಲಿ ಲಾಸ್ ಏಂಜಲಿಸ್ ಮಹಾನಗರ ಆತನನ್ನು ಒಂದು ವರ್ಷದ ಮಟ್ಟಿಗೆ ಕರೆಯಿತು. ದೊಡ್ಡ ಊರು, ದೊಡ್ಡ ಕೊಳಕು. ಜೂಜು, ಕಳ್ಳಸಾರಾಯಿ, ವೇಶ್ಯಾಗೃಹಗಳ ಧಣಿಗಳಿಗೂ ನಗರದ ಪುಢಾರಿಗಳಿಗೂ ಪೋಲೀಸಿಗೂ ಒಂದೇ ಕರುಳುಬಳ್ಳಿ. ವೋಲ್ಮರ್ ದಳವನ್ನು ಹೊಸದಾಗಿ ಜೋಡಿಸಿದ, ಪೇದೆಗಳಿಗೆ ಪರೀಕ್ಷೆ ಇಟ್ಟ, ಉದ್ದದ ವರದಿ ಬರೆದ. ವರ್ಷ ಮುಗಿಯಿತು, 1924ರಲ್ಲಿ ಊರಿಗೆ ಮರಳಿದ. ವರದಿ ಕಪಾಟು ಸೇರಿತು. ಅದೇ ದಳ 1936ರಲ್ಲಿ ಏನು ಮಾಡಿತು ಗೊತ್ತೆ? ಬರ ಬಂದು, ಧೂಳು ಮುಚ್ಚಿ, ಸಾಲಕ್ಕೆ ಹೊಲ ಕಳೆದುಕೊಂಡು ಕೂಲಿ ಹುಡುಕುತ್ತ ಬರುತ್ತಿದ್ದ ಬಡ ರೈತರನ್ನು ಪ್ರಾಂತದ ಗಡಿಯಲ್ಲೇ ಅಡ್ಡಗಟ್ಟಿ, ಕೈಯಲ್ಲಿ ಕಾಸಿಲ್ಲದವರನ್ನು ಹಿಂದಕ್ಕೆ ಅಟ್ಟಿತು. ನಗರದ ಪೋಲೀಸರಿಗೆ ನೂರಾರು ಮೈಲಿ ದೂರದ ಗಡಿಯಲ್ಲಿ ಏನು ಕೆಲಸ ಎಂದು ಕೇಳುವವರಿರಲಿಲ್ಲ. 1938ರಲ್ಲಿ, ನಗರಾಡಳಿತದ ಲಂಚಕೋರತನವನ್ನು ಬಯಲಿಗೆಳೆಯುತ್ತಿದ್ದ ಹ್ಯಾರಿ ರೇಮಂಡ್ ಎಂಬ ತನಿಖೆಗಾರನ ಮೋಟಾರಿನಲ್ಲಿ ಬಾಂಬು ಸಿಡಿಯಿತು. ಇಟ್ಟವರು ಯಾರು? ಪೋಲೀಸ್ ಗುಪ್ತದಳದ ಕ್ಯಾಪ್ಟನ್ ಅರ್ಲ್ ಕೈನೆಟ್‌ಗೆ ಶಿಕ್ಷೆಯಾಯಿತು. ಅದೇ ವರ್ಷ ಜನ ಮೇಯರ್ ಫ್ರಾಂಕ್ ಷಾನನ್ನು ಓಟಿನಿಂದಲೇ ಹಿಂದಕ್ಕೆ ಕರೆಸಿದರು. ವೋಲ್ಮರನ ವಿದ್ವತ್ತಿಗೆ ಆಗದಿದ್ದ ಕೆಲಸ ಕೊನೆಗೆ ಅಷ್ಟಾದರೂ ಆದದ್ದು ಓಟಿನಿಂದ.

ವಿದ್ವತ್ತಿಗೆ ಮಾತ್ರ ಕೊರತೆ ಬರಲಿಲ್ಲ. 1929ರಲ್ಲಿ ಶಿಕಾಗೋ ವಿಶ್ವವಿದ್ಯಾಲಯ ಆತನನ್ನು ಪೋಲೀಸ್ ಆಡಳಿತದ ಪ್ರಾಧ್ಯಾಪಕನೆಂದು ಕರೆಯಿತು. ಆಮೇಲೆ ಬರ್ಕಲಿಯ ವಿಶ್ವವಿದ್ಯಾಲಯ. ಹೈಸ್ಕೂಲು ಮುಗಿಸದವನು ಪ್ರಾಧ್ಯಾಪಕ! ಮೆಟ್ರಿಕ್ಕಿಗೆ ನಿಂತ ನಮ್ಮಂಥವರಿಗೆ ಒಳಗೊಳಗೇ ಸಂತೋಷವಾಗುವ ಸಂಗತಿ. ಅಧ್ಯಕ್ಷ ಹೂವರನು ನೇಮಿಸಿದ ವಿಕರ್‌ಷಮ್ ಆಯೋಗಕ್ಕಾಗಿ 1931ರಲ್ಲಿ ಪೋಲೀಸರ ವಿಷಯದ ವರದಿಯನ್ನು ಸಿದ್ಧಪಡಿಸಿದವನೂ ಈತನೇ. ಅದೇ ಆಯೋಗದ ಇನ್ನೊಂದು ವರದಿ, ಹೊಡೆದು ಬಡಿದು ತಪ್ಪೊಪ್ಪಿಸುವ ಪದ್ಧತಿ ದೇಶದ ಉದ್ದಗಲಕ್ಕೂ ಹರಡಿದೆಯೆಂದು ಊರುಗಳ ಹೆಸರು ಹಿಡಿದು ಸಾರಿತು.

1936ರಲ್ಲಿ ಆತ 'ಪೋಲೀಸರು ಮತ್ತು ಆಧುನಿಕ ಸಮಾಜ' ಎಂಬ ಅರ್ಥದ ಹೆಸರಿನ ಪುಸ್ತಕ ಬರೆದ. ಅಧಿಕಾರ ಹಿಡಿದ ಹೊಸತರಲ್ಲಿ ಅಫೀಮಿನ ಅಡ್ಡೆಗಳ ಮೇಲೆ ದಾಳಿ ಮಾಡಿದ್ದ ಅದೇ ಮನುಷ್ಯ ಮೂವತ್ತು ವರ್ಷ ಕಂಡುಂಡ ಮೇಲೆ ಬರೆದದ್ದೇನೆಂದರೆ: ಮಾದಕ ವಸ್ತುಗಳ ಚಟ ಪೋಲೀಸರ ವಿಷಯವಲ್ಲ, ವೈದ್ಯರ ವಿಷಯ, ಸರ್ಕಾರವೇ ಚಟವುಳ್ಳವರಿಗೆ ಅಸಲು ಬೆಲೆಗೆ ಮದ್ದು ಒದಗಿಸಿದರೆ ಕಾಳಸಂತೆಯ ಧಣಿಯ ಬೇರು ಒಣಗುತ್ತದೆ, ಜನರ ಚಟಗಳನ್ನು ಲಾಠಿಯಿಂದ ತಿದ್ದಹೊರಟರೆ ಚಟ ಹೋಗುವುದಿಲ್ಲ, ಪೋಲೀಸು ಕೆಡುತ್ತದೆ. ಮರುವರ್ಷವೇ, 1937ರಲ್ಲಿ, ಅಮೆರಿಕಾ ಸರ್ಕಾರ ಗಾಂಜಾದ ಮೇಲೆ ಹೊಸ ದಂಡನೆಯ ಕಾನೂನು ತಂದಿತು. 1971ರಲ್ಲಿ ನಿಕ್ಸನ್ ಮಾದಕ ವ್ಯಸನವೇ ದೇಶದ ಮೊದಲ ಶತ್ರುವೆಂದು ಘೋಷಿಸಿದ. ಈ ಶತಮಾನದ ಮೊದಲ ವರ್ಷಗಳಲ್ಲಿ ಅಲ್ಲಿಯ ಸೆರೆಮನೆಗಳಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನರಿದ್ದರು.

ಈಗ ಲೆಕ್ಕ ನೋಡಿ. ಆತನ ಮೋಟಾರನ್ನು ಎಲ್ಲ ಊರುಗಳೂ ತೆಗೆದುಕೊಂಡವು. ದಾಖಲೆಯ ಚೀಟಿ, ಬೆರಳಚ್ಚು, ಪ್ರಯೋಗಾಲಯ, ಯಂತ್ರ, ಎಲ್ಲವೂ ಬೇಕಾದವು. ಹೊಡೆಯಬೇಡ ಎಂದದ್ದು, ಚಟಗಾರನನ್ನು ವೈದ್ಯರಿಗೆ ಒಪ್ಪಿಸು ಎಂದದ್ದು, ಹುಡುಗನ ಮನೆಗೆ ಮೊದಲೇ ಹೋಗು ಎಂದದ್ದು, ಪೇದೆಗೆ ಸಭೆಯಲ್ಲಿ ಬಾಯಿ ಕೊಡು ಎಂದದ್ದು, ಇವು ಯಾರಿಗೂ ಬೇಡವಾದವು. ಪೋಲೀಸಿನ ಕೈಯನ್ನು ಉದ್ದ ಮಾಡುವುದೆಲ್ಲ ಸುಧಾರಣೆಯ ಹೆಸರಿನಲ್ಲಿ ಉಳಿಯಿತು. ಕೈಯನ್ನು ಕಟ್ಟುವುದೆಲ್ಲ ಪುಸ್ತಕದಲ್ಲಿ ಉಳಿಯಿತು. ಇದು ಆಕಸ್ಮಿಕವೆ? ಆಯ್ದುಕೊಂಡವರು ಯಾರು ಎಂದು ನೋಡಿದರೆ ಉತ್ತರ ಸಿಕ್ಕುತ್ತದೆ.

ಆದರೆ ಆಳುವವರ ಮೇಲೆ ಮಾತ್ರ ತಪ್ಪು ಹೊರಿಸಿ ವೋಲ್ಮರನನ್ನು ಬಿಟ್ಟುಬಿಡಲು ನಾವು ಸಿದ್ಧರಿಲ್ಲ. ಆತನ ಚಿಂತನೆಯಲ್ಲೇ ಒಂದು ಬಿರುಕಿತ್ತು. ಪುಢಾರಿಗಳ ಕೈವಾಡದಿಂದ ಪೋಲೀಸ್ ಕೆಟ್ಟಿದೆ, ಮುಖ್ಯಸ್ಥನಿಗೆ ನಿಶ್ಚಿತ ಅವಧಿಯಿಲ್ಲ, ಆದ್ದರಿಂದ ರಾಜಕೀಯದಿಂದ ಪೋಲೀಸನ್ನು ಬಿಡಿಸಿ ತಜ್ಞನ ಕೈಗೆ ಕೊಡಿ ಎಂಬುದು ಆತನ ಸೂತ್ರ. ಅರ್ಧ ಸತ್ಯ. ಪುಢಾರಿಯಿಂದ ಬಿಡಿಸಿ ಯಾರಿಗೆ ಕಟ್ಟಬೇಕು? ಈ ಪ್ರಶ್ನೆಗೆ ಆತ ಉತ್ತರ ಕೊಡಲಿಲ್ಲ. ಓಟಿನಿಂದ ಬಂದವನಿಗೇ ಓಟಿನ ಮೇಲೆ ನಂಬಿಕೆ ಸಾಲಲಿಲ್ಲ.

ಉತ್ತರವನ್ನು ಲಾಸ್ ಏಂಜಲಿಸ್ ಬರೆದು ತೋರಿಸಿತು. 1930ರ ದಶಕದಲ್ಲಿ ನಗರದ ಸನದಿಗೆ ಆದ ತಿದ್ದುಪಡಿಗಳಿಂದ ಪೋಲೀಸ್ ಮುಖ್ಯಸ್ಥನ ಹುದ್ದೆಗೆ ಭದ್ರ ಕವಚ ಸಿಕ್ಕಿತು. ಸುಲಭವಾಗಿ ಯಾರೂ ತೆಗೆಯುವಂತಿಲ್ಲ. 1950ರಲ್ಲಿ ಬಂದ ವಿಲಿಯಂ ಪಾರ್ಕರ್ ಲಂಚ ಮುಟ್ಟದವನು, ಶಿಸ್ತಿನವನು, ಸುಧಾರಕನೆಂದು ಹೆಸರಾದವನು. ನಮ್ಮ ಹೋಟೆಲಿನ ಭಜನೆಗೆ ತಕ್ಕ ದೇವರು. 1966ರಲ್ಲಿ ಸಾಯುವವರೆಗೂ ಕುರ್ಚಿಯಲ್ಲಿದ್ದ. ಅವನ ಕಾಲದಲ್ಲಿ ಮೋಟಾರಿನಲ್ಲಿ ಸುತ್ತುವ ಪೋಲೀಸಿಗೂ ಕಪ್ಪು ಜನರ ಕೇರಿಗಳಿಗೂ ಇದ್ದ ನಂಟು ಆಕ್ರಮಿಸಿದ ಸೈನ್ಯಕ್ಕೂ ಸೋತ ಊರಿಗೂ ಇರುವಂಥದು. 1965ರ ಆಗಸ್ಟಿನಲ್ಲಿ ವಾಟ್ಸ್ ಕೇರಿ ಹತ್ತಿಕೊಂಡು ಉರಿಯಿತು. 34 ಜನ ಸತ್ತರು. ಪಾರ್ಕರನ ಮೋಟಾರು ನಡೆಸುತ್ತಿದ್ದ ಡೆರಿಲ್ ಗೇಟ್ಸ್ 1978ರಲ್ಲಿ ತಾನೇ ಮುಖ್ಯಸ್ಥನಾದ. 1991ರ ಮಾರ್ಚಿಯಲ್ಲಿ ರಾಡ್ನಿ ಕಿಂಗ್ ಎಂಬ ಕಪ್ಪು ಮನುಷ್ಯನನ್ನು ಪೋಲೀಸರು ನಡುಬೀದಿಯಲ್ಲಿ ಬಡಿದದ್ದನ್ನು ಲೋಕವೆಲ್ಲ ಚಿತ್ರದಲ್ಲಿ ಕಂಡಿತು. ಆಗ ಮೇಯರ್ ಆಗಿದ್ದ ಟಾಮ್ ಬ್ರಾಡ್ಲಿ ಸ್ವತಃ ಕಪ್ಪು ಜನಾಂಗದವನು, ಹಿಂದೆ ಅದೇ ದಳದಲ್ಲಿ ಅಧಿಕಾರಿಯಾಗಿದ್ದವನು. ಗೇಟ್ಸ್ ಹೋಗಬೇಕೆಂದು ಆತ ಬಯಸಿದ. ತೆಗೆಯುವ ಅಧಿಕಾರ ಆತನಿಗಿರಲಿಲ್ಲ! ಮರುವರ್ಷ ಹೊಡೆದವರು ನ್ಯಾಯಾಲಯದಲ್ಲಿ ಬಿಡುಗಡೆಯಾದಾಗ ಊರು ಮತ್ತೆ ಉರಿಯಿತು, ಐವತ್ತಕ್ಕೂ ಹೆಚ್ಚು ಜನ ಸತ್ತರು. 1992ರ ಜೂನ್‌ನಲ್ಲಿ ಜನ ಓಟು ಹಾಕಿ ಆ ಕವಚವನ್ನು ಕಿತ್ತರು: ಐದು ವರ್ಷದ ಅವಧಿ, ಹೆಚ್ಚೆಂದರೆ ಎರಡು ಸಲ.

ಆತನ ಸ್ವಂತ ಊರಿನ ಕತೆ ಇನ್ನೂ ಮನ ಕಲಕುವಂಥದು. ವೋಲ್ಮರ್ ರೋಗದಿಂದ ಜರ್ಜರಿತನಾಗಿ 1955ರ ನವೆಂಬರಿನಲ್ಲಿ, ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ಪಿಸ್ತೂಲಿನಿಂದ ಪ್ರಾಣ ಕಳೆದುಕೊಂಡ. ಆತ ಹಾಕಿದ ಬುನಾದಿಯ ಮೇಲೆ ಬರ್ಕಲಿಯ ವಿಶ್ವವಿದ್ಯಾಲಯದಲ್ಲಿ 1950ರಲ್ಲೇ ಅಪರಾಧಶಾಸ್ತ್ರದ ಶಾಲೆ ಎದ್ದಿತ್ತು. 1969ರ ಮೇ ತಿಂಗಳಲ್ಲಿ ವಿದ್ಯಾರ್ಥಿಗಳೂ ಊರಿನವರೂ ಪಾಳು ಜಾಗವೊಂದರಲ್ಲಿ ತೋಟ ಮಾಡಿದ್ದಕ್ಕೆ ಅದೇ ಊರಿನ ಬೀದಿಯಲ್ಲಿ ಗುಂಡು ಹಾರಿ ಒಬ್ಬ ತರುಣ ಸತ್ತ. ಶಾಲೆಯ ಕೆಲವು ಅಧ್ಯಾಪಕರು, ಅಪರಾಧಶಾಸ್ತ್ರವೆಂದರೆ ಬಡವನ ಅಪರಾಧವನ್ನು ಮಾತ್ರ ಅಳೆಯುವುದೇ, ಪೋಲೀಸಿನ ಅಪರಾಧವನ್ನು ಅಳೆಯಬಾರದೆ ಎಂದು ಕೇಳತೊಡಗಿದರು. 1976ರಲ್ಲಿ ಶಾಲೆಯನ್ನೇ ಮುಚ್ಚಿದರು.

ನಮ್ಮಲ್ಲಿಯೂ ಒಬ್ಬ ಸುಧಾರಕ ಪೋಲೀಸ್ ಅಧಿಕಾರಿ ಹೋರಾಡಿದ್ದಾರೆ. ಉತ್ತರ ಪ್ರದೇಶ, ಅಸ್ಸಾಂಗಳ ಪೋಲೀಸ್ ಮುಖ್ಯಸ್ಥರಾಗಿದ್ದ ಪ್ರಕಾಶ್ ಸಿಂಗ್ ಅವರು ನಿವೃತ್ತರಾದ ಮೇಲೆ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಹತ್ತು ವರ್ಷದ ಮೇಲೆ, 2006ರ ಸೆಪ್ಟೆಂಬರ್ 22ರಂದು, ತೀರ್ಪು ಬಂತು. ಅವರ ಛಲಕ್ಕೆ ನಮಸ್ಕಾರ. 1857ರ ದಂಗೆಗೆ ಹೆದರಿದ ಬ್ರಿಟಿಷರು 1861ರಲ್ಲಿ ಹೊಸೆದ ಪೋಲೀಸ್ ಕಾಯ್ದೆಯ ಗುಣವೇ, ಅಂದರೆ ಆಳುವವನಿಗೆ ಮಾತ್ರ ಉತ್ತರ ಹೇಳುವ ಗುಣವೇ, ಸ್ವತಂತ್ರ ಭಾರತದಲ್ಲೂ ಮುಂದುವರಿದದ್ದನ್ನು ಅವರು ಕಟಕಟೆಗೆ ತಂದರು. ತೀರ್ಪಿನಲ್ಲಿ ಎರಡು ಬಗೆಯ ಆಜ್ಞೆಗಳಿವೆ. ಒಂದು ಬಗೆ, ಅಧಿಕಾರಿಗೆ ಭದ್ರತೆ: ರಾಜ್ಯದ ಪೋಲೀಸ್ ಮುಖ್ಯಸ್ಥರಿಗೆ ಕನಿಷ್ಠ ಎರಡು ವರ್ಷದ ಅವಧಿ, ವರ್ಗಾವಣೆಗೆ ಮಂಡಲಿ, ಇತ್ಯಾದಿ. ಇನ್ನೊಂದು ಬಗೆ, ಪ್ರಜೆಗೆ ಭದ್ರತೆ: ಪೋಲೀಸರ ಮೇಲಿನ ದೂರು ಕೇಳಲು ರಾಜ್ಯಕ್ಕೊಂದು, ಜಿಲ್ಲೆಗೊಂದು ಪ್ರಾಧಿಕಾರ, ಜಿಲ್ಲೆಯದಕ್ಕೆ ನಿವೃತ್ತ ಜಿಲ್ಲಾ ನ್ಯಾಯಾಧೀಶರು ಮುಖ್ಯಸ್ಥರಾಗಬೇಕು, ಡೆಪ್ಯುಟಿ ಸೂಪರಿಂಟೆಂಡೆಂಟರವರೆಗಿನ ಯಾರ ಮೇಲಿನ ದೂರನ್ನೂ ಅದು ವಿಚಾರಿಸಬೇಕು.

ಪತ್ರಿಕೆಗಳಲ್ಲಿ ನಡೆಯುವ ಚರ್ಚೆಯೆಲ್ಲ ಮೊದಲನೆಯದರ ಮೇಲೆ. ಮುಖ್ಯಸ್ಥರ ಅವಧಿ ಎಷ್ಟು, ಯಾರನ್ನು ಯಾರು ಹಿಂದೆ ಹಾಕಿದರು, ಯಾವ ಸರ್ಕಾರ ಯಾರನ್ನು ಎತ್ತಂಗಡಿ ಮಾಡಿತು. ಅಧಿಕಾರಿಗೆ ಭದ್ರತೆ ಬೇಡವೆಂದು ನಾವು ಹೇಳುತ್ತಿಲ್ಲ. ಮಂತ್ರಿಯ ಸೋದರಳಿಯನ ಲಾರಿ ಹಿಡಿದದ್ದಕ್ಕೆ ವರ್ಗವಾಗುವ ಸಬ್ ಇನ್ಸ್‌ಪೆಕ್ಟರನ ಪಾಡು ನಮಗೂ ಗೊತ್ತು. ಆದರೆ ಎರಡನೆಯದಿಲ್ಲದೆ ಮೊದಲನೆಯದು ಮಾತ್ರ ಬಂದರೆ ಆಗುವುದು ಲಾಸ್ ಏಂಜಲಿಸ್. ಕರ್ನಾಟಕವು ತನ್ನ 1963ರ ಪೋಲೀಸ್ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ತಂದು, ದೂರು ಪ್ರಾಧಿಕಾರವೂ ಉಂಟೆಂದು ಕಾಗದದ ಮೇಲೆ ಬರೆಯಿತು. ಓದುಗರು ತಮ್ಮ ಜಿಲ್ಲೆಯಲ್ಲಿ ಅದರ ಕಚೇರಿ ಯಾವ ಬೀದಿಯಲ್ಲಿದೆಯೆಂದು ಯಾರನ್ನಾದರೂ ಕೇಳಿ ನೋಡಿ. ಬೋರ್ಡು ಎಲ್ಲಿದೆ, ದೂರು ಕೇಳುವ ದಿನ ಯಾವುದು, ಹೋದ ವರ್ಷ ಎಷ್ಟು ದೂರು ಬಂದವು, ಎಷ್ಟು ಮಂದಿಯ ಮೇಲೆ ಕ್ರಮವಾಯಿತು?

ಮುಂದಿನ ಸಲ ಓಟು ಕೇಳಲು ಬರುವವರ ಮುಂದೆ ಈ ನಾಲ್ಕು ಪ್ರಶ್ನೆಗಳನ್ನು ಇಡಿ. ಜಿಲ್ಲೆಗೆ ದಕ್ಷ ಸೂಪರಿಂಟೆಂಡೆಂಟರನ್ನು ತರಿಸುತ್ತೇನೆ, ಠಾಣೆಗೆ ಹೊಸ ಜೀಪು ಕೊಡಿಸುತ್ತೇನೆ, ಬೀದಿಗೆ ಕ್ಯಾಮರಾ ಹಾಕಿಸುತ್ತೇನೆ ಎಂದು ಆತ ಹೇಳಿದರೆ, ಅದು ಆಮೇಲೆ ಮಾತಾಡೋಣ ಸ್ವಾಮಿ, ಮೊದಲು ಆ ಕಚೇರಿಯ ವಿಳಾಸ ಹೇಳಿ ಎನ್ನಿ.